ನ್ಯೂ ಟೌನಿನ ವಾನ್ ಗಾಲ್

ಭದ್ರಾವತಿಯವನು ಫುಟ್‌ಬಾಲ್ ವಿಷಯ ಎತ್ತಿದರೆ ಶಿವಮೊಗ್ಗದ ನೆಂಟರು ಮುಸಿಮುಸಿ ನಗುತ್ತಾರೆ. ನಮ್ಮೂರು ಲೋಕಕ್ಕೆ ಕೊಟ್ಟಿದ್ದು ಕಬ್ಬಿಣ, ಕಾಗದ, ಸಿನಿಮಾಕ್ಕೆ ದೊಡ್ಡಣ್ಣ, ಕ್ರಿಕೆಟ್ಟಿಗೆ ಗುಂಡಪ್ಪ ವಿಶ್ವನಾಥ್. ಇದರಲ್ಲಿ ಚೆಂಡು ಒದ್ದವರು ಯಾರು ಅಂತ ಅವರ ಪ್ರಶ್ನೆ. ಪ್ರಶ್ನೆ ನ್ಯಾಯವೇ. ಆದರೆ ಫುಟ್‌ಬಾಲ್ ಒದೆಯುವ ಆಟ ಅಂತ ಅವರಿಗೆ ಯಾರು ಹೇಳಿಕೊಟ್ಟರೋ. ಒದೆಯುವವರು ಇಪ್ಪತ್ತೆರಡೇ ಜನ, ಅದೂ ತೊಂಬತ್ತೇ ನಿಮಿಷ. ಆ ಮೇಲೆ ಕೂತು ಮಾತಾಡುವವರಿಗೆ ಲೆಕ್ಕವೂ ಇಲ್ಲ, ಗಡಿಯಾರವೂ ಇಲ್ಲ. ಆ ಆಟದಲ್ಲಿ ಭದ್ರಾವತಿಯ ನಮ್ಮ ನ್ಯೂ ಟೌನನ್ನು ಸೋಲಿಸುವ ಊರು ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

ಇದಕ್ಕೊಂದು ಚರಿತ್ರೆಯಿದೆ. 1923ರಲ್ಲಿ ಇಲ್ಲಿನ ಕುಲುಮೆಯಿಂದ ಕಬ್ಬಿಣ ಹರಿಯಲು ಶುರುವಾದ ದಿನದಿಂದ ನಮ್ಮವರ ಉಪಕಸುಬು ಒಂದೇ: ದೂರದಲ್ಲಿ ಕೂತವರು ಮಾಡಿದ ತೀರ್ಮಾನ ತಪ್ಪು ಅಂತ ಇಲ್ಲಿ ಕೂತು ಸಾಬೀತು ಮಾಡುವುದು. ಮೊದಲು ಮೈಸೂರಿನವರ ತೀರ್ಮಾನ, ಆಮೇಲೆ ಬೆಂಗಳೂರಿನವರದು, 1989ರಲ್ಲಿ ಕಾರ್ಖಾನೆ ಸೈಲ್ ತೆಕ್ಕೆಗೆ ಹೋದ ಮೇಲೆ ದೆಹಲಿಯವರದು. ಯಾವ ಕುಲುಮೆ ಹಚ್ಚಬೇಕಿತ್ತು, ಯಾವ ಗಣಿಯ ಅದಿರು ತರಬೇಕಿತ್ತು, ಯಾವ ಸಾಹೇಬನನ್ನು ಎತ್ತಂಗಡಿ ಮಾಡಬೇಕಿತ್ತು ಅಂತ ಅಪ್ಪಂದಿರು ಶಿಫ್ಟ್ ಮುಗಿಸಿ ಸೈಕಲ್ ತಳ್ಳಿಕೊಂಡು ಬರುತ್ತಾ ಮಾಡಿದ ಚರ್ಚೆಯನ್ನೇ ಮಕ್ಕಳಾದ ನಾವು ಫುಟ್‌ಬಾಲ್ ಕೋಚ್‌ಗಳ ಮೇಲೆ ಮುಂದುವರಿಸಿದ್ದೇವೆ. ಸರ್ ಎಂ.ವಿ. ಕಾರ್ಖಾನೆಯನ್ನು ಒಂದು ಸಲ ಉಳಿಸಿರಬಹುದು. ನ್ಯೂ ಟೌನಿನ ಚಹಾದಂಗಡಿಗಳು ಅದನ್ನು ದಿನಾ ಸಂಜೆ ಉಳಿಸುತ್ತವೆ.

ನಮ್ಮ ಬೆಂಚಿನ ಮೇಲೆ ನಾಲ್ಕು ಜನ. ಹಿರಿಯರು ಫೋರ್‌ಮನ್ ಸಾಹೇಬರು, ನಮ್ಮ ಕಬ್ಬಿಣದ ಕಾರ್ಖಾನೆ ವಿಐಎಸ್‌ಎಲ್‌ನಿಂದ ನಿವೃತ್ತರು. 1948ರ ಲಂಡನ್ ಒಲಿಂಪಿಕ್ಸ್‌ನಿಂದ ಈಚೆಗೆ ನಡೆದ ಫುಟ್‌ಬಾಲನ್ನು ಅವರು ಪೂರ್ತಿ ನಂಬುವುದಿಲ್ಲ. ನಮ್ಮ ಹುಡುಗರಲ್ಲಿ ಬಹಳ ಮಂದಿ ಬರಿಗಾಲಲ್ಲಿ ಆಡಿ ಫ್ರಾನ್ಸ್ ಎದುರು 2-1ರಲ್ಲಿ ಸೋತ ಪಂದ್ಯ ಅದು. ಭಾರತದ ಒಂದೇ ಗೋಲು ಹೊಡೆದವರು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ಪಂದ್ಯದಲ್ಲಿ ನಮಗೆ ಸಿಕ್ಕ ಎರಡು ಪೆನಾಲ್ಟಿಯೂ ಹಾಳಾದವು ಎಂಬುದನ್ನು ಸಾಹೇಬರು ನಿನ್ನೆ ನಡೆದದ್ದೆಂಬಂತೆ ಹೇಳಿ ನಿಟ್ಟುಸಿರು ಬಿಡುತ್ತಾರೆ. ಎರಡನೆಯವರು ಗಣಿತದ ಮೇಷ್ಟ್ರು. ಇವರಿಗೆ ಅಂಕಿಯಿಲ್ಲದ ಅಭಿಪ್ರಾಯ ಅಜೀರ್ಣ. ಮೂರನೆಯವನು ಚೇಟ್ಟ. ಹುಟ್ಟಿದ್ದು ಕಾಗದನಗರದಲ್ಲಿ, ಅಪ್ಪ ಎಂಪಿಎಂ ಕಾಗದ ಕಾರ್ಖಾನೆಯ ನೌಕರರಾಗಿದ್ದರು, ಕನ್ನಡ ನಮಗಿಂತ ಚೆನ್ನ. ಆದರೆ ಕೇರಳ ಬ್ಲಾಸ್ಟರ್ಸ್ ಆಡುವ ದಿನ ಹಳದಿ ಅಂಗಿ ತೊಟ್ಟು ಬರುತ್ತಾನೆ. ನಾಲ್ಕನೆಯವನು ನಾನು. ನನ್ನ ಅರ್ಹತೆಯ ಬಗ್ಗೆ ಕೇಳುವವರಿಗೆ: ಹೈಸ್ಕೂಲಿನಲ್ಲಿ ಗೋಲು ಹೊಡೆದಿದ್ದೇನೆ. ಯಾವ ಕಡೆಯ ಗೋಲಿಗೆ ಎನ್ನುವುದು ವಿವರ.

2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚುತ್ತಾರೆ ಎಂಬ ಸುದ್ದಿ ಬಂತು. ಕಬ್ಬಿಣ ಹರಿದು ನೂರು ತುಂಬಿದ ವರ್ಷ. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ನಮ್ಮ ಬೆಂಚಿನಲ್ಲಿ ಕೆಲವು ದಿನ ಫುಟ್‌ಬಾಲ್ ಮಾತು ಏಳಲೇ ಇಲ್ಲ. ಸಾಹೇಬರು ಮಾತ್ರ ಆಗಾಗ ಲೋಟ ಕೆಳಗಿಟ್ಟು, "ಎದುರಿಗೆ ನಿಂತು ಒಂದು ಮಾತು ಹೇಳ್ಬಹುದಿತ್ತು" ಅನ್ನುತ್ತಿದ್ದರು. ಯಾರಿಗೆ ಅಂತ ನಾವು ಕೇಳಲಿಲ್ಲ.

ನಮ್ಮನ್ನು ಮತ್ತೆ ಆಟಕ್ಕೆ ಎಳೆದು ತಂದಿದ್ದು ಮಾರ್ಚ್ 3ರ ರಾತ್ರಿ. ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಬ್ಲಾಸ್ಟರ್ಸ್ ನಡುವೆ ಐಎಸ್‌ಎಲ್ ಪ್ಲೇಆಫ್. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಆಟದ ಆರಂಭದಲ್ಲೇ ಬೆಂಗಳೂರಿಗೆ ಫ್ರೀಕಿಕ್. ಬ್ಲಾಸ್ಟರ್ಸ್ ಕೀಪರ್ ಗೋಡೆ ನಿಲ್ಲಿಸುವುದರಲ್ಲಿದ್ದಾಗ ಸುನಿಲ್ ಚೆಟ್ರಿ ಚೆಂಡನ್ನು ನಿರಾಳವಾಗಿ ಎತ್ತಿ ಬಲೆಗೆ ಹಾಕಿಬಿಟ್ಟರು. ರೆಫ್ರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಹುಡುಗರನ್ನೆಲ್ಲ ಕರೆದುಕೊಂಡು ಮೈದಾನದಿಂದಲೇ ಹೊರಟುಹೋದರು.

ಮರುದಿನ ಚೇಟ್ಟ ಹಳದಿ ಅಂಗಿಯಲ್ಲೇ ಬಂದ. ಅದರಲ್ಲೇ ಮಲಗಿದ್ದ ಅನ್ನುವುದು ಅಂಗಿ ನೋಡಿದರೆ ಗೊತ್ತಾಗುತ್ತಿತ್ತು. "ವಿಸಿಲ್ ಊದಲಿಲ್ಲ, ಗೋಡೆ ನಿಂತಿಲ್ಲ, ಇದೇನು ಗೋಲಾ ಅಥವಾ ಪಿಕ್‌ಪಾಕೆಟ್ಟಾ?" ಮೇಷ್ಟ್ರು ನಿಯಮ ಬಿಚ್ಚಿದರು. ಹೊಡೆಯುವ ತಂಡ ಹತ್ತು ಗಜದ ಅಂತರ ಕೇಳಿದರೆ ರೆಫ್ರಿಯ ವಿಸಿಲ್‌ಗೆ ಕಾಯಬೇಕು; ಕೇಳದಿದ್ದರೆ ತಕ್ಷಣ ಹೊಡೆಯಬಹುದು. ಹಾಗಾದರೆ ಚೆಟ್ರಿ ಕೇಳಿದರೋ ಇಲ್ಲವೋ? ಟೀವಿಯಲ್ಲಿ ತುಟಿ ಆಡಿದ್ದನ್ನು ಕಂಡೆ ಅಂತ ಚೇಟ್ಟ, ಅದು ಉಸಿರು ಬಿಟ್ಟಿದ್ದು ಅಂತ ನಾನು. ಗಲಾಟೆ ಬಜ್ಜಿ ಬಾಣಲೆಯ ಸದ್ದನ್ನೂ ಮೀರಿತು. ಅಂಗಡಿಯವನು ಶಟರ್ ಅರ್ಧ ಇಳಿಸಿದ. ನಾವು ಬಗ್ಗಿಕೊಂಡು ಮುಂದುವರಿಸಿದೆವು.

ಅದೇ ಹೊತ್ತಿಗೆ, ಅಂದರೆ ಮಾರ್ಚ್ 4ರ ರಾತ್ರಿ, ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಫೈನಲ್ ನಡೆಯುತ್ತಿತ್ತು. ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಕಪ್ ಗೆದ್ದಿತು. ಐವತ್ತನಾಲ್ಕು ವರ್ಷದ ಮೇಲೆ! ಕಳೆದ ಸಲ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು ಅಂತಿತ್ತು. ಊರಿನ ಫುಟ್‌ಬಾಲ್ ಪಂಡಿತರೆಂದು ಹೆಸರಾದ ನಾವು ನಾಲ್ವರೂ ಅರ್ಧ ಇಳಿಸಿದ ಶಟರ್ ಕೆಳಗೆ ಕೂತು ಹಿಂದಿನ ದಿನದ ಫ್ರೀಕಿಕ್ ಹೊಡೆಯುತ್ತಿದ್ದೆವು. ಸುದ್ದಿ ಮುಟ್ಟಿದ್ದು ಪೇಪರಿನಿಂದ. "ಇದರ ಕೋಚ್ ಯಾರು?" ಅಂತ ಸಾಹೇಬರು ಕೇಳಿದರು. ಯುರೋಪಿನ ಹದಿನಾರು ಕ್ಲಬ್ಬುಗಳ ಕೋಚ್‌ಗಳ ಹೆಸರನ್ನು ಅಕ್ಷರಮಾಲೆಯ ಕ್ರಮದಲ್ಲಿ ಹೇಳಬಲ್ಲ ನಾನು ಚಹಾದೊಳಗೆ ಏನೋ ಬಿದ್ದವನಂತೆ ಲೋಟ ನೋಡಿದೆ. ಮೇಷ್ಟ್ರು ಪೇಪರ್ ಓದಿ ಹೇಳಿದರು: ರವಿಬಾಬು ರಾಜು. "ಒಳ್ಳೇ ತಂತ್ರ ಮಾಡಿದಾರೆ" ಅಂದೆ. ಪಂದ್ಯ ನೋಡದೆ ಹೀಗೆ ಹೇಳುವುದಕ್ಕೂ ಒಂದು ತರಬೇತಿ ಬೇಕು.

ತಿಂಗಳ ಕೊನೆಗೆ ಫೆಡರೇಷನ್ನು ಬ್ಲಾಸ್ಟರ್ಸ್‌ಗೆ 4 ಕೋಟಿ ದಂಡ ಹಾಕಿತು. ಇವಾನ್‌ಗೆ 10 ಪಂದ್ಯ ನಿಷೇಧ, ಮೇಲೆ 5 ಲಕ್ಷ. ಚೇಟ್ಟ ಎದೆ ಸೆಟೆದ: "ಮಲಯಾಳಿಗಳು ತಲೆಗೊಂದು ರೂಪಾಯಿ ಹಾಕಿದ್ರೆ ಮುಗೀತು." ಮೇಷ್ಟ್ರು ಅಲ್ಲೇ ಲೆಕ್ಕ ಹಾಕಿ, ಕೇರಳದ ಜನಸಂಖ್ಯೆ ಸುಮಾರು ಮೂರೂವರೆ ಕೋಟಿ, ಉಳಿದ ಅರ್ಧ ಕೋಟಿ ಗಲ್ಫ್‌ನಿಂದ ತರಿಸಬೇಕಾಗುತ್ತದೆ ಅಂದರು.

ಇಷ್ಟರ ನಡುವೆ ನನ್ನೊಳಗೆ ಒಂದು ಸಿದ್ಧಾಂತ ಕುದಿಯುತ್ತಿತ್ತು. ಮಾರ್ಚ್ 18ರ ಐಎಸ್‌ಎಲ್ ಫೈನಲ್‌ನಲ್ಲಿ ಬೆಂಗಳೂರು 2-2 ಸಮ ಮಾಡಿಕೊಂಡು ಎಟಿಕೆ ಮೋಹನ್ ಬಗಾನ್‌ಗೆ ಪೆನಾಲ್ಟಿಯಲ್ಲಿ ಸೋತಿತ್ತು. ಕೋಚ್ ಸೈಮನ್ ಗ್ರೇಸನ್ ಕೊನೆಯ ನಿಮಿಷದಲ್ಲಿ ಕೀಪರನ್ನು ಬದಲಿಸಬೇಕಿತ್ತು ಅಂತ ನಾನು ಪಟ್ಟು ಹಿಡಿದೆ. ಆಧಾರ? 2014ರ ವಿಶ್ವಕಪ್ ಕ್ವಾರ್ಟರ್‌ಫೈನಲ್. ನೆದರ್‌ಲೆಂಡ್ಸ್ ಮತ್ತು ಕೋಸ್ಟರಿಕಾ ಪಂದ್ಯ ಗೋಲಿಲ್ಲದೆ ಪೆನಾಲ್ಟಿಗೆ ಹೋಗುವ ಹೊತ್ತು. ಕೋಚ್ ಲೂಯಿಸ್ ವಾನ್ ಗಾಲ್, ಅಲ್ಲಿಯವರೆಗೆ ಒಂದೂ ಬಿಡದೆ ಕಾಯ್ದಿದ್ದ ಕೀಪರ್ ಸಿಲ್ಲೆಸನ್‌ನನ್ನು ಹೊರಗೆ ಕರೆದು, ಅವನಿಗಿಂತ ಉದ್ದನೆಯ ಟಿಮ್ ಕ್ರುಲ್‌ನನ್ನು ಒಳಗೆ ಬಿಟ್ಟರು. ಕ್ರುಲ್ ಎರಡು ಪೆನಾಲ್ಟಿ ತಡೆದ, 4-3ರಲ್ಲಿ ಗೆದ್ದರು. ಕೋಚ್ ಅಂದರೆ ಇವನು!

"ಬೆಂಗಳೂರಿನ ಕೀಪರ್ ಗುರ್‌ಪ್ರೀತ್" ಅಂದ ಚೇಟ್ಟ. "ಆರೂವರೆ ಅಡಿ ಹತ್ತಿರ ಇದಾನೆ. ಅವನಿಗಿಂತ ಉದ್ದದವನನ್ನ ಎಲ್ಲಿಂದ ತರ್ತೀರಾ, ಕರೆಂಟ್ ಕಂಬ ನಿಲ್ಲಿಸ್ತೀರಾ?"

"ಸೆಮಿಫೈನಲ್‌ನಲ್ಲಿ ಮುಂಬೈ ಮೇಲೆ ಪೆನಾಲ್ಟಿಯಲ್ಲೇ 9-8 ಗೆಲ್ಲಿಸಿದ್ದು ಇದೇ ಗುರ್‌ಪ್ರೀತ್" ಅಂದರು ಮೇಷ್ಟ್ರು. "ನಿಮ್ಮ ವಾನ್ ಗಾಲ್ ಮುಂದಿನ ಪಂದ್ಯದಲ್ಲಿ ಮೂರೂ ಬದಲಾವಣೆ ಮೊದಲೇ ಮುಗಿಸ್ಕೊಂಡು, ಅರ್ಜೆಂಟೀನಾ ಹತ್ರ ಅದೇ ಪೆನಾಲ್ಟಿಯಲ್ಲಿ 4-2 ಸೋತ್ರಲ್ಲ, ಅದನ್ನ ಹೇಳಿ."

ಅಂಕಿಯ ಹಿಂದೆ ಬಿದ್ದವರಿಗೆ ದೂರದೃಷ್ಟಿ ಇರುವುದಿಲ್ಲ. ಪೋರ್ಚುಗಲ್‌ನ ಸ್ಯಾಂಟೋಸ್ 2022ರಲ್ಲಿ ರೊನಾಲ್ಡೊನನ್ನು ಬೆಂಚಿನಲ್ಲಿ ಕೂರಿಸಿದಾಗ ಲೋಕವೇ ಬೈಯಿತು; ಬದಲಿಗೆ ಬಂದ ರಾಮೋಸ್ ಮೂರು ಗೋಲು ಹೊಡೆದು ಸ್ವಿಟ್ಜರ್ಲೆಂಡ್ 6-1ರಲ್ಲಿ ಮಣ್ಣು ಮುಕ್ಕಿತು. ನಾಲ್ಕು ದಿನ ಬಿಟ್ಟು ಮೊರಾಕೊ ಎದುರು ಸೋತು ಸ್ಯಾಂಟೋಸ್ ಕೆಲಸ ಕಳೆದುಕೊಂಡರು ಎಂಬ ಭಾಗವನ್ನು ನಾನು ಹೇಳುವುದಿಲ್ಲ. ಕತೆಯನ್ನು ಎಲ್ಲಿ ನಿಲ್ಲಿಸಬೇಕು ಎನ್ನುವುದೇ ಕೋಚಿಂಗ್‌ನ ಅರ್ಧ.

ಈ ಮಾತುಗಳು ಅಂಗಡಿಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ ಮುಗಿದು ನೀತಿಸಂಹಿತೆ ತೆರವಾದ ಕೂಡಲೇ, ಮಳೆ ಹಿಡಿಯುವುದರೊಳಗೆ ಮುಗಿಸಿಬಿಡೋಣ ಅಂತ ಹುಡುಗರು ಒಂದು ಟೂರ್ನಮೆಂಟ್ ಇಟ್ಟುಕೊಂಡರು. ಸೆವೆನ್ಸ್ ಆಟ, ಇಪ್ಪತ್ತಿಪ್ಪತ್ತು ನಿಮಿಷ, ಸಮವಾದರೆ ನೇರ ಪೆನಾಲ್ಟಿ. ನಮ್ಮ ಬೀದಿಯ ಹುಡುಗರು ಫೈನಲ್ ಮುಟ್ಟಿದರು. ಎದುರಾಳಿ ಕಾಗದನಗರ, ಅವರ ಕೋಚ್ ಬೇರೆ ಯಾರೂ ಅಲ್ಲ, ಚೇಟ್ಟ. ಅವನಾದರೂ ಒಂದು ಕಾಲದಲ್ಲಿ ಆಡಿದವನು.

ಫೈನಲ್ ದಿನವೇ ನಮ್ಮ ತಂಡದ ಕೋಚ್‌ಗೆ ಭಾವಮೈದುನನ ಮದುವೆ. ಹುಡುಗರು ಅಂಗಡಿಗೆ ಬಂದು ತಲೆ ಕೆರೆದುಕೊಂಡು ನಿಂತರು. "ಸಾರ್, ಒಬ್ಬರು ದೊಡ್ಡವರು ಇರ್ಲೇಬೇಕಂತೆ. ಪೇಪರಿಗೆ ಸೈನ್ ಹಾಕಕ್ಕೆ. ಮತ್ತೆ ನಮ್ಮ ಮೊಬೈಲು, ವಾಚು ಇಟ್ಕೊಳ್ಳೋಕೆ."

ನನಗೆ ಕೇಳಿಸಿದ್ದು ಮಾತ್ರ ಬೇರೆ. ನೆದರ್‌ಲೆಂಡ್ಸ್ ಕೈಬೀಸಿ ಕರೆದ ಹಾಗಿತ್ತು.

ರಾತ್ರಿ ಕರೆಂಟ್ ಬಿಲ್ಲಿನ ಹಿಂಭಾಗದಲ್ಲಿ ವ್ಯೂಹ ಬರೆದೆ. "ರೀ, ಮನೇಲಿರೋ ಎರಡು ಮಕ್ಕಳನ್ನ ಒಂದು ಕಡೆ ಕೂರಿಸೋಕೆ ನಿಮ್ ಕೈಲಿ ಆಗಲ್ಲ" ಅಂದಳು ಹೆಂಡತಿ. ಮಹಾನ್ ಕೋಚ್‌ಗಳ ಮನೆಯವರ ಹೇಳಿಕೆಗಳನ್ನು ಚರಿತ್ರೆ ದಾಖಲಿಸುವುದಿಲ್ಲ. ಕಾರಣ ಇದೇ ಇರಬೇಕು. ಬೆಳಗ್ಗೆ ಮೈದಾನದಲ್ಲಿ ಹುಡುಗರನ್ನು ಸುತ್ತ ಕೂರಿಸಿಕೊಂಡು ಬಿಲ್ಲು ಹಿಡಿದು 4-3-3 ವಿವರಿಸಿದೆ. ಎಲ್ಲರೂ ಗಂಭೀರವಾಗಿ ಕೇಳಿದರು. ಕೊನೆಗೆ ಒಬ್ಬ ಬೆರಳಿಟ್ಟು ಎಣಿಸಿ, "ಸಾರ್, ಇದರಲ್ಲಿ ಹತ್ತು ಜನ ಇದಾರೆ. ಕೀಪರ್ ಬಿಟ್ರೆ ನಾವು ಆರೇ ಜನ" ಅಂದ.

"ಇದು ತತ್ವ" ಅಂದೆ. "ಮೈದಾನದಲ್ಲಿ ಹೊಂದಿಸ್ಕೋಬೇಕು."

ಹೊಂದಿಸಿಕೊಂಡರು. ಅಂದರೆ ನನ್ನ ಮಾತು ಮರೆತು ತಮ್ಮ ಕೋಚ್ ಕಲಿಸಿದ್ದನ್ನೇ ಆಡಿದರು. ಆಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಣ್ಣು ಎದ್ದು ಅರ್ಧ ಕಾಣಿಸಲೂ ಇಲ್ಲ. ಕಂಡಿದ್ದು ಒಬ್ಬನೇ, ನಮ್ಮ ಕೀಪರ್. ಗ್ಯಾಸ್ ಏಜೆನ್ಸಿಯಲ್ಲಿ ಸಿಲಿಂಡರ್ ಹಾಕುವ ಹುಡುಗ. ಕುಳ್ಳ, ಆದರೆ ತೋಳು ರೆಟ್ಟೆ ಕಬ್ಬಿಣದವು. ಚೆಂಡು ಬಂದರೆ ಖಾಲಿ ಸಿಲಿಂಡರ್ ಹಿಡಿದಷ್ಟು ಸಲೀಸಾಗಿ ಹಿಡಿದು ಬದಿಗಿಡುತ್ತಿದ್ದ. ಕಾಗದನಗರದವರು ಎಲ್ಲ ಕೋನದಿಂದ ಹೊಡೆದು ಸುಸ್ತಾದರು. ನಲವತ್ತು ನಿಮಿಷ ಮುಗಿದರೂ 0-0.

ಪೆನಾಲ್ಟಿ! ನನ್ನ ಬೆನ್ನಹುರಿಯಲ್ಲಿ ಏನೋ ಹರಿಯಿತು. ಒಂಬತ್ತು ವರ್ಷದಿಂದ ಲೋಕ ಯಾವ ತಂತ್ರವನ್ನು ಮೆಚ್ಚಿ ಮಾತಾಡುತ್ತಿತ್ತೋ ಅದನ್ನು ಭದ್ರಾವತಿಯಲ್ಲಿ ಮಾಡಿ ತೋರಿಸುವ ಗಳಿಗೆ ಎದುರಿಗೆ ನಿಂತಿತ್ತು. ಬೆಂಚಿನತ್ತ ತಿರುಗಿದೆ. ಪಟ್ಟಿ ತುಂಬಿಸಲೆಂದು ಹೆಸರು ಬರೆಸಿದ್ದ ಒಬ್ಬ ಪಿಯುಸಿ ಹುಡುಗ ಕೂತು ಕಡಲೆಕಾಯಿ ತಿನ್ನುತ್ತಿದ್ದ. ಎದ್ದು ನಿಲ್ಲಪ್ಪ ಅಂದೆ. ಎದ್ದ. ಏಳುತ್ತಲೇ ಇದ್ದ. ಆರಡಿಗೆ ಕಡಿಮೆ ಇರಲಿಲ್ಲ.

"ಹೋಗು, ಗೋಲಿಗೆ ನಿಂತ್ಕೊ."

"ನಾನಾ ಸಾರ್? ನಾನು ಯಾವತ್ತೂ..."

"ಕ್ರುಲ್ ಕೂಡ ಹೀಗೇ ಅಂದಿರ್ತಾನೆ." (ಅಂದಿರಲಿಕ್ಕಿಲ್ಲ.)

ಹುಡುಗ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು ಓಡಿದ. ಕುಳ್ಳ ಕೀಪರ್ ಗ್ಲೌಸ್ ಕಟ್ಟಿಕೊಳ್ಳುತ್ತಿದ್ದವನು ಎದುರಿಗೆ ಬಂದ ಉದ್ದನೆಯ ಆಕೃತಿಯನ್ನು ನೋಡಿ, ನನ್ನನ್ನು ನೋಡಿ, ಗ್ಲೌಸ್ ಬಿಚ್ಚಿದ. ಒಂದು ಮಾತಾಡಲಿಲ್ಲ. ರೆಫ್ರಿ ಗೆರೆಯ ಹತ್ತಿರ ಬಂದರು: "ಪೆಟ್ಟಾಗಿದೆಯಾ ಸಾರ್ ಅವನಿಗೆ?"

"ಪೆಟ್ಟಾಗಿಲ್ಲ. ಇದು ತಂತ್ರ." ಇಡೀ ಮೈದಾನಕ್ಕೆ ಕೇಳುವಂತೆ ಹೇಳಿದೆ. ಗ್ಲೌಸ್ ಕೈಯಲ್ಲಿ ಹಿಡಿದುಕೊಂಡು ಹುಡುಗ ನನ್ನ ಪಕ್ಕದಲ್ಲೇ ಹಾದುಹೋದ.

ಆ ತುದಿಯಿಂದ ಚೇಟ್ಟ ಓಡಿಬಂದ. "ಎಂದಾ ಸಾರೇ, ನಿಜವಾಗ್ಲೂ ಚೇಂಜ್ ಮಾಡ್ತಾ ಇದೀರಾ?" ನಾನು ಮುಗುಳ್ನಕ್ಕೆ. ಅವನು ವಾಪಸ್ ಹೋಗಿ ತನ್ನ ಹುಡುಗರಿಗೆ ಏನೋ ಹೇಳಿದ. ಆಮೇಲೆ ಗೊತ್ತಾಯಿತು, ಹೇಳಿದ್ದು ಇಷ್ಟೇ: "ಗೋಲಿನ ಕಡೆಗೆ ಹೊಡೀರಿ, ಸಾಕು."

ಮೊದಲನೆಯ ಚೆಂಡು ಎಡಕ್ಕೆ ಬಂತು. ನಮ್ಮ ಕ್ರುಲ್ ಬಲಕ್ಕೆ ನೋಡುತ್ತಿದ್ದ. ಎರಡನೆಯದು ನೇರ ಅವನ ಮುಖದ ಮಟ್ಟಕ್ಕೇ ಬಂತು. ಹುಡುಗ ಚುರುಕಾಗಿ ಬಗ್ಗಿ ತಪ್ಪಿಸಿಕೊಂಡ. ಪ್ರೇಕ್ಷಕರಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಮೂರನೆಯದೂ ಒಳಗೆ. ನಮ್ಮವರದು ಅಷ್ಟರಲ್ಲಿ ಒಂದು ಕಂಬಕ್ಕೆ, ಒಂದು ಮೈದಾನದಾಚೆಯ ಗುಲ್‌ಮೊಹರ್ ಮರಕ್ಕೆ. ನನ್ನ ಕೈಗೆ ಜೇಬಿನಲ್ಲಿ ಏನೋ ತಗುಲಿತು, ತೆಗೆದು ನೋಡಿದರೆ ಕನ್ನಡಕ. ಗಾಜು ದಪ್ಪನೆಯದು.

ಆ ಕ್ಷಣ ನನಗೆ ಇವಾನ್ ನೆನಪಾದರು. ತಂಡವನ್ನು ಕರೆದುಕೊಂಡು ಹೊರಟುಬಿಟ್ಟರೆ? ಸೋಲೂ ಅಲ್ಲ, ಪ್ರತಿಭಟನೆ! ಯಾವುದರ ವಿರುದ್ಧ ಅಂತ ಆಮೇಲೆ ಯೋಚಿಸಬಹುದು. ಹುಡುಗರತ್ತ ಕೈಬೀಸಿ "ಬನ್ನಿ, ಹೋಗೋಣ" ಅಂದೆ. ನಾಯಕ ಬಂದು ಕಿವಿಯಲ್ಲಿ ಹೇಳಿದ: "ಬೇಡ ಸಾರ್. ಪಲಾವ್ ಪ್ಯಾಕೆಟ್ ಮ್ಯಾಚ್ ಮುಗಿದ ಮೇಲೆ ಕೊಡೋದು."

ನಾಲ್ಕನೆಯ ಚೆಂಡು ನಮ್ಮ ಹುಡುಗನ ಭುಜಕ್ಕೆ ಬಡಿಯಿತು. ಬಡಿದು ಒಳಗೇ ಹೋಯಿತು. ಪಂದ್ಯ ಮುಗಿಯಿತು.

ಆಮೇಲೆ ನನ್ನ ಸುತ್ತ ನಿಂತವರಿಗೆ ನಾನು ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ, ಬದಲಿಸುವುದಿಲ್ಲ: ತೀರ್ಮಾನ ಸರಿಯಾಗಿತ್ತು, ಜಾರಿಯಲ್ಲಿ ವ್ಯತ್ಯಾಸವಾಯಿತು. ಉದ್ದದ ಲೆಕ್ಕ ನಾನು ಹಾಕಿದ್ದೆ. ದೃಷ್ಟಿಯ ಲೆಕ್ಕ ವಾನ್ ಗಾಲ್ ಕೂಡ ಹಾಕಿರಲಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೆ ಮನೆಗೆ ಹೋಗಬಹುದಿತ್ತು. ಆದರೆ ಟೂರ್ನಮೆಂಟಿನ ಬೆಸ್ಟ್ ಪ್ಲೇಯರ್ ಆರಿಸುವ ಸಮಿತಿಗೆ ಹುಡುಗರು ಮೊದಲೇ ನಮ್ಮ ನಾಲ್ವರ ಹೆಸರನ್ನೇ ಬರೆದುಕೊಂಡಿದ್ದರು. ಫೈನಲ್ ಆಡಿದ ಎರಡೂ ತಂಡದ ಕೋಚ್‌ಗಳು ಸಮಿತಿಯಲ್ಲಿರುವುದು ಸರಿಯೇ ಅಂತ ಮೇಷ್ಟ್ರು ಕೇಳಿದರು. "ಬೇರೆ ಯಾರೂ ಖಾಲಿ ಇರ್ಲಿಲ್ಲ ಸಾರ್" ಅಂದ ಸಂಘಟಕ. ಬಹುಮಾನ ಒಂದು ಸ್ಟೀಲ್ ಹಾಟ್‌ಬಾಕ್ಸ್, ಅದರೊಳಗೆ ಕವರಿನಲ್ಲಿ ಸ್ವಲ್ಪ ದುಡ್ಡು.

ಮೈದಾನದ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತೆವು. ಹತ್ತು ನಿಮಿಷದ ಕೆಲಸ. ಚೇಟ್ಟ ತನ್ನ ತಂಡದ ಸ್ಟ್ರೈಕರ್ ಹೆಸರು ಹೇಳಿದ, ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದವನು. ಗೋಲು ಹೊಡೆದವನಿಗೇ ಕೊಡುವುದಾದರೆ ಸಮಿತಿ ಯಾಕೆ, ಕ್ಯಾಲ್ಕುಲೇಟರ್ ಸಾಕಲ್ಲ ಅಂತ ಮೇಷ್ಟ್ರು. ಅಲ್ಲಿಂದ ಮಾತು ಹಳಿ ಬಿಟ್ಟಿತು. 2010ರಲ್ಲಿ ಇಂಟರ್ ಮಿಲಾನ್‌ಗೆ ಮೂರು ಕಪ್ ಗೆಲ್ಲಿಸಿ ವಿಶ್ವಕಪ್ ಫೈನಲ್ ಆಡಿದ ಸ್ನೈಡರ್ ಬ್ಯಾಲನ್ ಡಿ'ಓರ್ ಪಟ್ಟಿಯಲ್ಲಿ ನಾಲ್ಕನೆಯವನಾದನಲ್ಲ, ಅದು ನ್ಯಾಯವೇ? ಹಾಗಾದರೆ ಮೆಸ್ಸಿಗೆ ಕೊಟ್ಟಿದ್ದು ಅನ್ಯಾಯವೇ? ಖೇಲ್ ರತ್ನ ಶುರುವಾಗಿ ಮೂವತ್ತು ವರ್ಷವಾದ ಮೇಲೆ, 2021ರಲ್ಲಿ, ಒಬ್ಬ ಫುಟ್‌ಬಾಲ್ ಆಟಗಾರನಿಗೆ ಸಿಕ್ಕಿತು, ಅದೂ ಚೆಟ್ರಿಗೆ. ಅದಕ್ಕೂ ಎರಡು ವರ್ಷ ಮೊದಲು ಪದ್ಮಶ್ರೀ. ಕ್ರಮ ಉಲ್ಟಾ ಆಗಲಿಲ್ಲವೇ? ಪಲಾವ್ ಪ್ಯಾಕೆಟ್ ಮುಗಿದವು. ಶಾಮಿಯಾನ ಬಿಚ್ಚುವವರು ಬಂದು ನಮ್ಮ ತಲೆಯ ಮೇಲಿನದನ್ನು ಬಿಟ್ಟು ಉಳಿದದ್ದನ್ನು ಬಿಚ್ಚತೊಡಗಿದರು.

ಅಲ್ಲಿಯವರೆಗೂ ಸುಮ್ಮನಿದ್ದ ಫೋರ್‌ಮನ್ ಸಾಹೇಬರು ಕೆಮ್ಮಿದರು. "ಆ ಗ್ಯಾಸ್ ಹುಡುಗನಿಗೆ ಕೊಡಿ."

"ಕೀಪರ್‌ಗಾ?"

"ಬ್ಯಾಲನ್ ಡಿ'ಓರ್ ಇಷ್ಟು ವರ್ಷದಲ್ಲಿ ಕೀಪರ್‌ಗೆ ಸಿಕ್ಕಿದ್ದು ಒಂದೇ ಸಲ" ಅಂದರು ಮೇಷ್ಟ್ರು. "ರಷ್ಯಾದ ಯಾಶಿನ್, 1963. ಎರಡನೆಯದನ್ನ ನಾವು ಕೊಡೋಣ."

ಹಾಟ್‌ಬಾಕ್ಸನ್ನು ಬ್ಯಾಲನ್ ಡಿ'ಓರ್ ಮಟ್ಟಕ್ಕೆ ಏರಿಸಿದ್ದಕ್ಕೆ ನನ್ನ ಆಕ್ಷೇಪವಿರಲಿಲ್ಲ. ಆದರೆ ತತ್ವ ಅಂತ ಒಂದಿದೆ. ಪಂದ್ಯ ಮುಗಿಯುವಾಗ ಮೈದಾನದಲ್ಲೇ ಇರದಿದ್ದವನಿಗೆ ಬೆಸ್ಟ್ ಪ್ಲೇಯರ್ ಕೊಡುವುದು ಹೇಗೆ ಅಂತ ಕೇಳಿದೆ.

"2006ರ ವಿಶ್ವಕಪ್ ಫೈನಲ್ ಮುಗಿಯುವಾಗ ಜಿದಾನ್ ಎಲ್ಲಿದ್ರು?" ಅಂದರು ಮೇಷ್ಟ್ರು. ಇಟಲಿಯವನ ಎದೆಗೆ ತಲೆಯಿಂದ ಗುದ್ದಿ, ರೆಡ್ ಕಾರ್ಡ್ ತಿಂದು ಒಳಗೆ ಹೋಗಿದ್ದರು. ಗೋಲ್ಡನ್ ಬಾಲ್ ಅವರಿಗೇ ಕೊಟ್ಟರು. "ಇವನು ಯಾರ ಎದೆಗೂ ಗುದ್ದಿಲ್ಲ. ಗುದ್ದಿದ್ರೂ ನಾನು ಅರ್ಥ ಮಾಡ್ಕೋತಿದ್ದೆ."

ಚೇಟ್ಟ ಕೈಯೆತ್ತಿದ. ಮೇಷ್ಟ್ರು ಎತ್ತಿದರು. ಸಾಹೇಬರು ಎತ್ತದೆ ನನ್ನ ಕಡೆ ತಿರುಗಿದರು. "ನಮ್ಮೂರಿನ ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್ ಆಡಿದ್ರು. ಮೊದಲ ಇನ್ನಿಂಗ್ಸ್ ಸೊನ್ನೆ. ಎರಡನೇದ್ರಲ್ಲಿ 137. ಮಧ್ಯದಲ್ಲಿ ನಿಮ್ಮಂಥವರು ಕ್ಯಾಪ್ಟನ್ ಆಗಿ ಇರ್ಲಿಲ್ಲ, ಪಟೌಡಿ ಇದ್ರು." ಆಮೇಲೆ ದನಿ ತಗ್ಗಿಸಿ, "ಹೋಗ್ಲಿ, ಆ ಹುಡುಗನ ಎದುರಿಗೆ ನಿಂತು ಒಂದು ಮಾತು ಹೇಳಿದ್ರಾ?"

ನಾನು ಹಾಟ್‌ಬಾಕ್ಸಿನ ಮುಚ್ಚಳ ತಿರುಗಿಸಿ ನೋಡಿದೆ. ಒಳ್ಳೆಯ ಗಟ್ಟಿ ಮುಚ್ಚಳ.

ತೀರ್ಮಾನ ಸರ್ವಾನುಮತ ಅಂತ ಬರೆದುಕೊಂಡರು. ಹೆಸರು ಕೂಗಿದಾಗ ಹುಡುಗ ಇರಲಿಲ್ಲ. ಅವನೊಬ್ಬನೇ ಏನು, ಯಾರೂ ಇರಲಿಲ್ಲ. ನಮ್ಮ ಚರ್ಚೆ ಮುಗಿಯುವಷ್ಟರಲ್ಲಿ ಊರು ಮನೆ ಸೇರಿತ್ತು. ಹುಡುಗ ಸಂಜೆ ಲೋಡ್ ಇಳಿಸಲು ಹೋದನಂತೆ. "ನೀವೇ ಕೋಚ್ ಅಲ್ವಾ ಸಾರ್, ತಲುಪಿಸಿಬಿಡಿ" ಅಂತ ಸಂಘಟಕ ಹಾಟ್‌ಬಾಕ್ಸನ್ನು ನನ್ನ ಕಂಕುಳಿಗೆ ತುರುಕಿ ಸ್ಕೂಟರ್ ಹತ್ತಿದ. ಹೀಗೆ ಸೋತ ತಂಡದ ಕೋಚ್ ಟೂರ್ನಮೆಂಟಿನ ಅತ್ಯುತ್ತಮ ಆಟಗಾರನ ಪ್ರಶಸ್ತಿ ಹಿಡಿದು ಬಿ.ಎಚ್. ರಸ್ತೆಯಲ್ಲಿ ನಡೆದುಬಂದ. ಎದುರಿಗೆ ಸಿಕ್ಕವರೆಲ್ಲ ಅಭಿನಂದಿಸಿದರು. ತಿದ್ದುವುದು ಉದ್ದ ಕತೆ ಅಂತ ನಾನೂ ಕೈಮುಗಿಯುತ್ತಾ ಬಂದೆ.

ಕೊಡಬೇಕು, ಖಂಡಿತ ಕೊಡಬೇಕು. ಆದರೆ ಏಜೆನ್ಸಿಯ ಮುಂದೆ ಹೋಗಿ ನಿಂತು ಏನು ಹೇಳುವುದು? ಕವರನ್ನು ದೇವರ ಮನೆಯಲ್ಲಿಟ್ಟೆ. ಹಾಟ್‌ಬಾಕ್ಸನ್ನು ಅಟ್ಟದ ಮೇಲಿಟ್ಟೆ. ಅದು ಮರುದಿನವೇ ಅಟ್ಟದಿಂದ ಇಳಿದು ಅಡುಗೆಮನೆ ಸೇರಿತ್ತು. "ಸುಮ್ನೆ ಧೂಳು ತಿಂತಾ ಇತ್ತು" ಅಂದಳು ಹೆಂಡತಿ. ಚಪಾತಿ ರಾತ್ರಿವರೆಗೂ ಬಿಸಿಯಾಗಿರುತ್ತಿತ್ತು.

ಅಂಗಡಿಯಲ್ಲಿ ಅಂದಿನಿಂದ ನನ್ನ ಹೆಸರು ವಾನ್ ಗಾಲ್. ಚಹಾದವನಿಗೆ ಅದು ಯಾರು ಅಂತ ಗೊತ್ತಿಲ್ಲ, ಆದರೂ "ವಾನ್ ಗಾಲ್ ಸಾರ್‌ಗೆ ಒಂದು ಬೈಟು" ಅನ್ನುತ್ತಾನೆ. ಮುಂದೆ ಚೆಟ್ರಿ 2024ರ ಜೂನ್‌ನಲ್ಲಿ ದೇಶದ ತಂಡಕ್ಕೆ ವಿದಾಯ ಹೇಳಿ, ಮಾರನೇ ಮಾರ್ಚ್‌ನಲ್ಲಿ ಕೋಚ್ ಮಾನೊಲೊ ಮಾರ್ಕೇಸ್ ಕರೆದರೆಂದು ವಾಪಸ್ ಬಂದು ಮಾಲ್ದೀವ್ಸ್ ಮೇಲೆ ಗೋಲನ್ನೂ ಹೊಡೆದಾಗ, ನಲವತ್ತರ ಆಟಗಾರನನ್ನು ಕರೆದದ್ದು ತಪ್ಪು ಅಂತ ನಾನು ವಾದಿಸಿದೆ. ನಾನೂ ಕೋಚಿಂಗ್‌ಗೆ ವಿದಾಯ ಹೇಳಿದವನೇ. ವಾಪಸ್ ಕರೆಯಲು ಯಾರೂ ಬಂದಿಲ್ಲ. ಅದೇ ಆರೋಗ್ಯಕರ ಪದ್ಧತಿ.

ಟೂರ್ನಮೆಂಟ್ ಮುಗಿದು ಎಷ್ಟೋ ದಿನಕ್ಕೆ ಗ್ಯಾಸ್ ಖಾಲಿಯಾಯಿತು. ಬುಕ್ ಮಾಡಿದೆ. ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ. ಮಧ್ಯಾಹ್ನ ಫೋನ್ ಬಂತು.

"ಸಾರ್, ಗ್ಯಾಸ್. ಕೆಳಗಡೆ ಇದೀನಿ." ಗುರುತಿನ ದನಿ. "ನಾನೇ ಮೇಲೆ ತರ್ಲಾ, ಇಲ್ಲ ಯಾರಾದ್ರೂ ಉದ್ದದವರನ್ನ ಕಳಿಸ್ಲಾ?"

ಚಪ್ಪಲಿ ಮೆಟ್ಟುವ ವ್ಯವಧಾನವೂ ಇಲ್ಲದೆ ಅಡುಗೆಮನೆಗೆ ಓಡಿ ಹಾಟ್‌ಬಾಕ್ಸ್ ಎತ್ತಿಕೊಂಡೆ, ದೇವರ ಮನೆಯಿಂದ ಕವರ್ ತೆಗೆದುಕೊಂಡೆ. "ಅದ್ರಲ್ಲಿ ಚಪಾತಿ ಇದೆ ರೀ!" ಅಂತ ಹೆಂಡತಿ ಕೂಗಿದ್ದು ಮೊದಲ ಮಹಡಿಯಲ್ಲಿ ಕೇಳಿಸಿತು. ಕೆಳಗೆ ಹುಡುಗ ಗಾಡಿಯ ಪಕ್ಕ ನಿಂತಿದ್ದ. ಹಾಟ್‌ಬಾಕ್ಸ್ ಅವನ ಕೈಗಿಟ್ಟೆ. ಸಮಿತಿ, ಯಾಶಿನ್, 1963 ಅಂತ ಏನೇನೋ ಹೇಳಿದೆ. ಅವನು ಮುಚ್ಚಳ ತೆಗೆದು ಇಣುಕಿ, "ಪಲ್ಯ ಇಲ್ವಾ ಸಾರ್?" ಅಂದ.

"ಇವತ್ತು ಸಿಲಿಂಡರ್ ನಾನೇ ಒಯ್ತೀನಿ" ಅಂದೆ. ಅವನು ಬೇಡ ಅನ್ನಲಿಲ್ಲ. ಒಳಗಿನ ಗ್ಯಾಸ್ 14.2 ಕಿಲೋ ಅಂತ ಬರೆದಿರುತ್ತದೆ. ಕಬ್ಬಿಣದ ತೂಕ ಅದಕ್ಕೆ ಬೇರೆ ಎಂಬುದು ಕಬ್ಬಿಣದ ಊರಿನಲ್ಲಿ ಹುಟ್ಟಿದ ನನಗೆ ಆರನೇ ಮೆಟ್ಟಿಲಿನಲ್ಲಿ ತಿಳಿಯಿತು. ಮೊದಲ ಮಹಡಿಯ ತಿರುವಿನಲ್ಲಿ ಸಿಲಿಂಡರ್ ಇಳಿಸಿ ಗೋಡೆಗೆ ಒರಗಿದೆ. ಉಸಿರು ಸಿಗಲಿಲ್ಲ. ಹಿಂದೆಯೇ ಚಪಾತಿ ಮೆಲ್ಲುತ್ತಾ ಬಂದ ಹುಡುಗ ಹಾಟ್‌ಬಾಕ್ಸನ್ನು ಮೆಟ್ಟಿಲ ಮೇಲಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಪೆಟ್ಟಾಗಿಲ್ಲ ತಾನೆ ಸಾರ್?"

ಇಲ್ಲ ಅಂತ ತಲೆಯಾಡಿಸಿದೆ.

"ಹಾಗಾದ್ರೆ ಇದು ತಂತ್ರ" ಅಂದು ಸಿಲಿಂಡರನ್ನು ಹೆಗಲಿಗೇರಿಸಿಕೊಂಡ. "ಬದಿಗೆ ಬನ್ನಿ. ಆ ಬಾಕ್ಸ್ ಹಿಡ್ಕೊಳ್ಳಿ, ಓಟಿಪಿ ತೆಗೆದಿಟ್ಕೊಳ್ಳಿ."